ಕಿವಿಹಾಲೆಯ ಚಟುವಟಿಕೆಯೂ ಮನೆಯಲ್ಲಿಲ್ಲದ ಅಪ್ಪಂದಿರೂ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆಯ ಅಧ್ಯಾಯ ಆರಂಭವಾಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಚಟುವಟಿಕೆ ಬರುತ್ತದೆ. ತರಗತಿಯ ಎಲ್ಲರ ಕಿವಿಯನ್ನು ಗಮನಿಸಬೇಕು. ಯಾರ ಕಿವಿಹಾಲೆ ಕೆನ್ನೆಗೆ ಅಂಟಿಕೊಂಡಿದೆ, ಯಾರದು ಬಿಡಿಯಾಗಿ ಜೋತುಬಿದ್ದಿದೆ ಎಂದು ಪಟ್ಟಿ ಮಾಡಿ ಶೇಕಡಾವಾರು ತೆಗೆಯಬೇಕು. ಇಲ್ಲಿಯವರೆಗೆ ಯಾವ ತೊಡಕೂ ಇಲ್ಲ. ಮಕ್ಕಳು ಒಬ್ಬರ ಕಿವಿ ಒಬ್ಬರು ಎಳೆದು ನೋಡಿ ನಗುತ್ತಾರೆ. ಮುಂದಿನ ಹೆಜ್ಜೆಯಲ್ಲಿ ಪ್ರತಿಯೊಬ್ಬರ ತಂದೆ ತಾಯಿಯ ಕಿವಿಹಾಲೆ ಯಾವ ಬಗೆಯದೆಂದು ತಿಳಿದುಕೊಂಡು ಮಗುವಿನದರೊಂದಿಗೆ ತಾಳೆ ನೋಡಬೇಕು. ಆ ಮಾಹಿತಿಯಿಂದ ಕಿವಿಹಾಲೆ ಹೇಗೆ ವಂಶದಲ್ಲಿ ಬರುತ್ತದೆ ಎಂಬುದಕ್ಕೆ ಒಂದು ನಿಯಮ ಸೂಚಿಸಬೇಕು.

ಜೀವಶಾಸ್ತ್ರ ಬೋಧನಾ ವಿಷಯವಾಗಿರುವ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಇದು ತಟ್ಟೆಗೆ ಬಡಿಸಿಟ್ಟ ಊಟದಂತೆ. ಖರ್ಚಿಲ್ಲ, ಉಪಕರಣ ಬೇಡ, 5ಇ ಪಾಠ ಯೋಜನೆಯ ಮೊದಲ ಅಂಕಣ ತಾನಾಗಿ ತುಂಬುತ್ತದೆ. ಅವಲೋಕನಕ್ಕೆ ಬರುವ ಉಪನ್ಯಾಸಕರಿಗೂ ‘ಮಕ್ಕಳ ಅನುಭವಕ್ಕೆ ಜೋಡಿಸಿದ್ದಾರೆ’ ಎಂದು ಷರಾ ಬರೆಯಲು ಅನುಕೂಲ. ಆದರೆ ಈ ಚಟುವಟಿಕೆಗೂ ಒಂದು ಸಾಮಗ್ರಿ ಬೇಕು. ಸಂಜೆ ಮನೆಗೆ ಹೋದಾಗ ಕಿವಿ ನೋಡಲು ಸಿಗುವ ಒಬ್ಬ ಅಪ್ಪ ಬೇಕು.

ನಾನು ಇಂಟರ್ನ್‌ಶಿಪ್ ಮಾಡಿದ್ದು ರಾಮಗಿರಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ. ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಕಾಲಂ ಎಲ್ಲರಿಗೂ ತುಂಬಿದೆ. ಪ್ರಗತಿ ಪತ್ರಕ್ಕೆ ಸಹಿ ಹಾಕುವವರು ಯಾರು ಎಂದು ತರಗತಿ ಶಿಕ್ಷಕರನ್ನು ಕೇಳಿದರೆ ಚಿತ್ರ ಬೇರೆ. ಒಬ್ಬರಿಗೆ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ. ಇನ್ನೊಬ್ಬರಿಗೆ ಸೋದರಮಾವ ಬರುತ್ತಾರೆ. ಈ ಕಡೆಯ ಮಳೆಯಾಶ್ರಿತ ಹಳ್ಳಿಗಳಿಂದ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ, ಕೊಯ್ಲಿಗೆಂದು ಕಾಫಿ ಸೀಮೆಗೆ ಹೋಗುವ ಗಂಡಸರಿದ್ದಾರೆ. ಅವರಲ್ಲಿ ಹೆಚ್ಚಿನವರು ಹಣ ಕಳಿಸುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಕೆಲವರು ನಿಧಾನವಾಗಿ ಬರುವುದನ್ನು ಬಿಡುತ್ತಾರೆ. ಅಲ್ಲೇ ಇನ್ನೊಂದು ಸಂಸಾರ ಹೂಡಿದವರಿದ್ದಾರೆ. ಅದೇ ಬೀದಿಯಲ್ಲಿದ್ದೂ ಮಗುವಿನ ಕಡೆ ತಿರುಗಿ ನೋಡದವರಿದ್ದಾರೆ. ತೀರಿಹೋದವರ ಮಾತು ಬೇರೆ. ಅವರ ಮಕ್ಕಳಿಗೆ ಗೋಡೆಯ ಮೇಲಿನ ಫೋಟೋ ಇರುತ್ತದೆ, ಆ ಫೋಟೋ ಬಗ್ಗೆ ಮಾತಾಡಲು ಯಾರೂ ನಾಚುವುದಿಲ್ಲ. ಬದುಕಿದ್ದೂ ಇಲ್ಲದ ಅಪ್ಪನ ಬಗ್ಗೆ ಮಾತ್ರ ಮಗುವಿಗೆ ಏನು ಹೇಳಬೇಕೆಂದು ತೋಚುವುದಿಲ್ಲ.

ಹಾಗಾಗಿ ಪಾಠ ಯೋಜನೆ ಬರೆಯುವಾಗಲೇ ಆ ಎರಡನೇ ಹೆಜ್ಜೆಯನ್ನು ಕೈಬಿಟ್ಟೆ. ಅದರ ಬದಲಿಗೆ ಏನು ಮಾಡಬಹುದು, ‘ಜೈವಿಕ ತಂದೆ’ ಎಂಬ ಮಾತಿನಲ್ಲಿ ವಿಜ್ಞಾನ ಹೇಳುವುದು ಎಷ್ಟು, ನಾವು ಸೇರಿಸಿಕೊಳ್ಳುವುದು ಎಷ್ಟು ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ತಂದೆಯ ಪಾಲು ಎಷ್ಟು?

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳು. ಅವುಗಳಲ್ಲಿ 23 ತಾಯಿಯ ಅಂಡಾಣುವಿನಿಂದ, 23 ತಂದೆಯ ವೀರ್ಯಾಣುವಿನಿಂದ. ಈ ಲೆಕ್ಕದಲ್ಲಿ ಇಬ್ಬರೂ ಸಮ ಎಂದು ಪುಸ್ತಕ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಸೂಕ್ಷ್ಮವಾಗಿ ನೋಡಿದರೆ ತಾಯಿಯ ಪಾಲು ಒಂದು ಗುಲಗಂಜಿ ತೂಕ ಹೆಚ್ಚು. ಅಂಡಾಣುವಿನ ಕೋಶದ್ರವ್ಯದ ಜೊತೆಗೆ ಮೈಟೋಕಾಂಡ್ರಿಯಗಳೂ ತಾಯಿಯಿಂದಲೇ ಬರುತ್ತವೆ. ಅವುಗಳೊಳಗೆ 37 ವಂಶವಾಹಿಗಳಿರುವ ಪುಟ್ಟ ಡಿಎನ್‌ಎ ಇದೆ. ಅದನ್ನು ಗಂಡು ಮಗುವೂ ಹೆಣ್ಣು ಮಗುವೂ ಪಡೆಯುವುದು ತಾಯಿಯ ಕಡೆಯಿಂದ ಮಾತ್ರ. ಗಂಡು ಮಗುವಿನ ವೈ ವರ್ಣತಂತು ಬರುವುದು ತಂದೆಯ ಕಡೆಯಿಂದ ಮಾತ್ರ.

ಜೈವಿಕ ತಂದೆ ಎಂದರೆ ವಿಜ್ಞಾನದಲ್ಲಿ ಇಷ್ಟೇ. ಒಂದು ಜೀವಕೋಶ, ಅದರೊಳಗೆ 23 ವರ್ಣತಂತು. ಆ ನಂತರದ ಒಂಬತ್ತು ತಿಂಗಳಿಗಾಗಲಿ ಹದಿನೈದು ವರ್ಷಕ್ಕಾಗಲಿ ಈ ವ್ಯಾಖ್ಯೆಯಲ್ಲಿ ಜಾಗವಿಲ್ಲ. ಆಡುಮಾತಿನಲ್ಲಿ ನಾವು ‘ಅಪ್ಪ’ ಎನ್ನುವಾಗ ಹೇಳುವುದು ಹೆಚ್ಚಾಗಿ ಆ ಹದಿನೈದು ವರ್ಷಗಳ ಬಗ್ಗೆ. ಜ್ವರ ಬಂದಾಗ ಹೊತ್ತುಕೊಂಡು ಹೋದವರು ಯಾರು, ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡವರು ಯಾರು ಎಂಬ ಬಗ್ಗೆ. ಹೆತ್ತವರು, ಸಾಕಿದವರು ಎಂದು ಎರಡು ಮಾತು ಕನ್ನಡದಲ್ಲಿ ಮೊದಲಿನಿಂದಲೂ ಬೇರೆ ಬೇರೆ ಇವೆ. ಕರ್ಣನನ್ನು ರಾಧೇಯ ಎಂದು ಕರೆಯುವುದು ಸಾಕಿದ ತಾಯಿ ರಾಧೆಯ ಹೆಸರಿನಿಂದ. ಮಕ್ಕಳಿಗೆ ಈ ವ್ಯತ್ಯಾಸ ಹೊಸದಲ್ಲ. ನಾವು ತರಗತಿಯಲ್ಲಿ ‘ನಿಮ್ಮ ತಂದೆ’ ಎಂಬ ಒಂದೇ ಪದದಲ್ಲಿ ಎರಡನ್ನೂ ಸುತ್ತಿ ಕೊಡುವುದರಿಂದಲೇ ಗೊಂದಲ. ನನ್ನ ಪಾಠದುದ್ದಕ್ಕೂ ವರ್ಣತಂತುವಿನ ಮಾತು ಬಂದಾಗ ‘ಜೈವಿಕ ತಂದೆ, ಜೈವಿಕ ತಾಯಿ’ ಎಂದೂ, ಮನೆಯ ಮಾತು ಬಂದಾಗ ‘ಮನೆಯವರು’ ಎಂದೂ ಹೇಳಿದೆ. ಎರಡನೇ ದಿನಕ್ಕೆ ಮಕ್ಕಳೂ ಹಾಗೆಯೇ ಹೇಳತೊಡಗಿದರು.

ಕಿವಿಹಾಲೆ ಸಾಕ್ಷಿ ಹೇಳುವುದಿಲ್ಲ

ಚಟುವಟಿಕೆಯನ್ನು ಬಿಡಲು ಮಕ್ಕಳ ಮನಸ್ಸು ಒಂದು ಕಾರಣವಾದರೆ ವಿಜ್ಞಾನ ಇನ್ನೊಂದು ಕಾರಣ. ಎರಡನೆಯದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಬಿಡಿ ಕಿವಿಹಾಲೆ ಪ್ರಬಲ ಗುಣ, ಅಂಟಿದ ಕಿವಿಹಾಲೆ ದುರ್ಬಲ ಗುಣ, ಒಂದೇ ಜೋಡಿ ವಂಶವಾಹಿ ಇದನ್ನು ನಡೆಸುತ್ತದೆ ಎಂಬುದು ನಾವು ಡಿಗ್ರಿಯಲ್ಲೂ ಬರೆದು ಅಂಕ ಪಡೆದ ಉತ್ತರ. ಆದರೆ 2017ರಲ್ಲಿ ಪ್ರಕಟವಾದ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಒಂದು ಅಧ್ಯಯನ ಕಿವಿಹಾಲೆಯ ಆಕಾರಕ್ಕೆ ಸಂಬಂಧಿಸಿದ 49 ಸ್ಥಾನಗಳನ್ನು ಮಾನವ ಜೀನೋಮಿನಲ್ಲಿ ಗುರುತಿಸಿತು. ಅಷ್ಟೇ ಅಲ್ಲ, ನಿಜವಾದ ಕಿವಿಗಳು ಎರಡು ಗುಂಪಾಗಿ ನಿಲ್ಲುವುದಿಲ್ಲ. ಪೂರ್ತಿ ಅಂಟಿದ್ದರಿಂದ ಪೂರ್ತಿ ಬಿಡಿಯಾದದ್ದರವರೆಗೆ ಎಲ್ಲ ಹಂತಗಳೂ ಇವೆ. ತರಗತಿಯಲ್ಲಿ ಪಟ್ಟಿ ಮಾಡುವಾಗಲೇ ‘ಇದು ಯಾವುದಕ್ಕೆ ಹಾಕೋದು?’ ಎಂಬ ಜಗಳ ಬರುವುದು ಇದಕ್ಕಾಗಿ. ಅಂಟಿದ ಕಿವಿಯ ತಂದೆ ತಾಯಿಗೆ ಬಿಡಿ ಕಿವಿಯ ಮಗು ಹುಟ್ಟಬಲ್ಲದು. ಹಳೆಯ ನಿಯಮದ ಪ್ರಕಾರ ಅದು ‘ಅಸಾಧ್ಯ’.

ಅಸಾಧ್ಯ ಎಂಬ ಈ ಪದವೇ ಅಪಾಯ. ನಿಯಮಕ್ಕೆ ಹೊಂದದ ಮಗುವಿನ ಕಡೆಗೆ ನಲವತ್ತು ಜೋಡಿ ಕಣ್ಣು ತಿರುಗುತ್ತವೆ. ಹಳ್ಳಿಯಲ್ಲಿ ಎಲ್ಲರ ಮನೆ ಕಥೆ ಎಲ್ಲರಿಗೂ ಗೊತ್ತು, ಗೊತ್ತಿಲ್ಲದ್ದನ್ನು ಕಟ್ಟುವವರೂ ಇದ್ದಾರೆ. ವಿಜ್ಞಾನದ ಅವಧಿಯಲ್ಲಿ ಹುಟ್ಟಿದ ಗುಸುಗುಸು ಸಂಜೆಯೊಳಗೆ ನೀರಿನ ಟ್ಯಾಂಕಿನ ಹತ್ತಿರ ಇರುತ್ತದೆ. ಅದೂ ತಪ್ಪು ವಿಜ್ಞಾನದಿಂದ ಹುಟ್ಟಿದ ಗುಸುಗುಸು.

ನಾಲಿಗೆ ಮಡಿಸುವ ಆಟದ್ದೂ ಇದೇ ಕಥೆ. 1940ರಲ್ಲಿ ಸ್ಟರ್ಟೆವಂಟ್ ಎಂಬ ಪ್ರಸಿದ್ಧ ತಳಿವಿಜ್ಞಾನಿ ಅದನ್ನು ಅನುವಂಶೀಯ ಗುಣವೆಂದು ವರದಿ ಮಾಡಿದರು. 1952ರಲ್ಲಿ ಅವಳಿಗಳನ್ನು ಪರೀಕ್ಷಿಸಿದಾಗ, ಒಂದೇ ಬಗೆಯ ವಂಶವಾಹಿಗಳಿರುವ ಏಕಾಂಡ ಅವಳಿಗಳಲ್ಲೂ ಒಬ್ಬರು ನಾಲಿಗೆ ಮಡಿಸಿ ಇನ್ನೊಬ್ಬರಿಗೆ ಆಗದ ಜೋಡಿಗಳು ಸಿಕ್ಕವು. ಸ್ಟರ್ಟೆವಂಟ್ ಅವರೇ ಮುಂದೆ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಗೈಡ್ ಪುಸ್ತಕಗಳು ಇನ್ನೂ ಹಿಂತೆಗೆದುಕೊಂಡಿಲ್ಲ.

ರಕ್ತದ ಗುಂಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅದು ನಿಜಕ್ಕೂ ಮೆಂಡಲನ ನಿಯಮಕ್ಕೆ ಹತ್ತಿರ. ಎಬಿ ಗುಂಪಿನ ತಂದೆಗೆ ಓ ಗುಂಪಿನ ಮಗು ಹುಟ್ಟುವುದಿಲ್ಲ, ಇಬ್ಬರು ಓ ಗುಂಪಿನವರಿಗೆ ಎ ಗುಂಪಿನ ಮಗು ಹುಟ್ಟುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದುಬಿಡುತ್ತೇವೆ. ಮಕ್ಕಳ ಗುರುತಿನ ಚೀಟಿಯ ಮೇಲೆ ರಕ್ತದ ಗುಂಪು ಅಚ್ಚಾಗಿರುತ್ತದೆ. ಮನೆಗೆ ಹೋಗಿ ತಾಳೆ ನೋಡಲು ಎಷ್ಟು ಹೊತ್ತು? ಹೀಗಿರುವಾಗ ‘ಬಾಂಬೆ ರಕ್ತದ ಗುಂಪು’ ನಮ್ಮ ಪಾಠದಲ್ಲಿ ಇರಲೇಬೇಕು. 1952ರಲ್ಲಿ ಮುಂಬೈಯಲ್ಲಿ ವೈದ್ಯ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಎ ಮತ್ತು ಬಿ ಪ್ರತಿಜನಕಗಳು ಕೆಂಪು ರಕ್ತಕಣದ ಮೇಲೆ ಕೂರಲು ಎಚ್ ಎಂಬ ಅಡಿಪಾಯ ಬೇಕು. ಆ ಅಡಿಪಾಯ ಕಟ್ಟುವ ವಂಶವಾಹಿಯ ಎರಡೂ ಪ್ರತಿಗಳು ಕೆಲಸ ಮಾಡದಿದ್ದರೆ, ವ್ಯಕ್ತಿಯಲ್ಲಿ ಎ ಅಥವಾ ಬಿ ವಂಶವಾಹಿ ಇದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಅಂಥ ‘ಓ’ ವ್ಯಕ್ತಿಯ ಮಗು ಎ ಗುಂಪಿನದಾಗಬಹುದು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇದು ಕಂಡುಬರುತ್ತದೆ ಎನ್ನುತ್ತಾರೆ. ಅಪರೂಪವೇ ಸರಿ, ಆದರೆ ‘ಅಸಾಧ್ಯ’ ಎಂಬ ಪದವನ್ನು ಬೋರ್ಡಿನಿಂದ ಅಳಿಸಲು ಇಷ್ಟು ಸಾಕು. ಗುರುತಿನ ಚೀಟಿ ಬರೆದವರ ಕೈತಪ್ಪನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಹುಣಸೆ ಬೀಜ, ಸೀಮೆ ಹಸು, ಮೆಕ್ಕೆಜೋಳ

ಬದಲಿ ಚಟುವಟಿಕೆಗೆ ಬರೋಣ. ಚೌಕಾಬಾರ ಆಡಿದವರಿಗೆಲ್ಲ ಗೊತ್ತಿರುವಂತೆ, ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿದರೆ ಒಂದು ಮಗ್ಗುಲು ಬಿಳಿಯಾಗುತ್ತದೆ, ಇನ್ನೊಂದು ಕಪ್ಪಾಗಿಯೇ ಉಳಿಯುತ್ತದೆ. ಅಂಥ ಒಂದು ಬೀಜ ಎಂದರೆ ಮಿಶ್ರತಳಿಯ ಒಂದು ಬಟಾಣಿ ಗಿಡ. ಕಪ್ಪು ಮಗ್ಗುಲು ಎತ್ತರದ ಗುಣ, ಬಿಳಿ ಮಗ್ಗುಲು ಗಿಡ್ಡ ಗುಣ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರ ಕೈಗೆ ಗಂಡು ಗಿಡದ ಬೀಜ, ಇನ್ನೊಬ್ಬರ ಕೈಗೆ ಹೆಣ್ಣು ಗಿಡದ ಬೀಜ ಕೊಡಿ. (ಬಟಾಣಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿವೆ. ಮೆಂಡಲ್ ಪರಾಗ ತೆಗೆದ ಗಿಡ, ಪರಾಗ ಹಚ್ಚಿದ ಗಿಡ ಎಂಬ ಅರ್ಥದಲ್ಲಿ ಹೀಗೆ ಹೇಳಿದೆ. ಮಕ್ಕಳಿಗೂ ಇದನ್ನು ಹೇಳಿಬಿಡುವುದು ಒಳ್ಳೆಯದು.) ಇಬ್ಬರೂ ಒಟ್ಟಿಗೆ ಎಸೆಯಬೇಕು. ಬಿದ್ದ ಎರಡು ಮುಖಗಳೇ ಮರಿಗಿಡದ ವಂಶವಾಹಿ ಜೋಡಿ. ಇಪ್ಪತ್ತು ಜೋಡಿಗಳು ಇಪ್ಪತ್ತು ಸಲ ಎಸೆದರೆ 400 ಮರಿಗಿಡಗಳು. ಎರಡೂ ಬಿಳಿ ಬಿದ್ದವು ಸುಮಾರು 100 ಇರಬೇಕು.

ಹುಣಸೆ ಬೀಜ ನಾಣ್ಯದಷ್ಟು ನಿಷ್ಪಕ್ಷಪಾತಿಯಲ್ಲ. ಉಜ್ಜಿದ ಮಗ್ಗುಲು ಚಪ್ಪಟೆಯಾಗಿ, ಒಂದು ಮುಖ ಹೆಚ್ಚು ಬೀಳಬಹುದು. ಆದ್ದರಿಂದ ಮೊದಲು ಪ್ರತಿ ಬೀಜವನ್ನು ಐವತ್ತು ಸಲ ಒಂದೇ ಎಸೆದು ನೋಡಿ, ತೀರಾ ಓರೆಯಾದದ್ದನ್ನು ಬದಿಗಿಡಿ. ಇದಕ್ಕೆ ಹದಿನೈದು ನಿಮಿಷ ಹೋಗುತ್ತದೆ, ಹೋಗಲಿ. ಸಂಭವನೀಯತೆ ಎಂದರೇನು ಎಂದು ಗಣಿತದ ಅವಧಿಯಲ್ಲಿ ತಿಳಿಯದವರಿಗೂ ಆ ಹದಿನೈದು ನಿಮಿಷದಲ್ಲಿ ತಿಳಿಯುತ್ತದೆ. ನಂತರ ಮೆಂಡಲನ ನಿಜವಾದ ಅಂಕಿಗಳನ್ನು ಕೊಡಿ: ದುಂಡು ಬೀಜ 5,474, ಸುಕ್ಕು ಬೀಜ 1,850. ಭಾಗಿಸಿದರೆ 2.96. ಸರಿಯಾಗಿ 3 ಬರಲಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಪಾಠ ಗೆದ್ದಂತೆ. ಕಿವಿಹಾಲೆಯ ಪಟ್ಟಿಯಿಂದ 3:1 ಯಾವ ತರಗತಿಯಲ್ಲೂ ಬರುವುದಿಲ್ಲ.

ಅನುಭವಕ್ಕೆ ಜೋಡಿಸಲೇಬೇಕು ಎನ್ನುವವರಿಗೆ ಸೀಮೆ ಹಸು ಇದೆ. ಹಸು ಬೆದೆಗೆ ಬಂದಾಗ ಪಶು ಆಸ್ಪತ್ರೆಯವರನ್ನು ಕರೆಸಿ ‘ಇಂಜೆಕ್ಷನ್ ಕೊಡಿಸಿದ್ದು’ ಗೊತ್ತಿಲ್ಲದ ಮಗು ನಮ್ಮ ಕಡೆಯ ಶಾಲೆಯಲ್ಲಿ ಅಪರೂಪ. ಆ ವೀರ್ಯ ಬರುವುದು ಹೆಸರಘಟ್ಟದಂಥ ಕೇಂದ್ರಗಳಿಂದ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ, ತೆಳುವಾದ ಸ್ಟ್ರಾ ಒಳಗೆ. ಸ್ಟ್ರಾ ಮೇಲೆ ಹೋರಿಯ ಸಂಖ್ಯೆ ಇರುತ್ತದೆ. ಹೋರಿ ರಾಮಗಿರಿ ಬೆಟ್ಟವನ್ನು ಕಂಡಿಲ್ಲ, ಕಾಣುವುದೂ ಇಲ್ಲ. ಆದರೂ ನಾಟಿ ಹಸುವಿನ ಹೊಟ್ಟೆಯಲ್ಲಿ ಕಪ್ಪು ಬಿಳಿ ಮಚ್ಚೆಯ ಕರು ಹುಟ್ಟುತ್ತದೆ, ಅದರ ಡುಬ್ಬ ಚಿಕ್ಕದಾಗುತ್ತದೆ. ಜೈವಿಕ ತಂದೆಯ ಪಾಲನ್ನು ಇಷ್ಟು ಸ್ವಚ್ಛವಾಗಿ ಬೇರೆ ಮಾಡಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಅದೇ ಕರು ದೊಡ್ಡದಾದ ಮೇಲೆ ಎಷ್ಟು ಹಾಲು ಕೊಡುತ್ತದೆ ಎಂಬುದನ್ನು ಹೋರಿಯ ಸಂಖ್ಯೆಯೊಂದೇ ಹೇಳಲಾರದು. ಹಸಿ ಮೇವು, ಹಿಂಡಿ, ಕೊಟ್ಟಿಗೆ, ಕಾಯಿಲೆ ಎಲ್ಲವೂ ಸೇರಿ ಹೇಳುತ್ತವೆ. ಇದನ್ನು ಮಕ್ಕಳೇ ಹೇಳಿದರು, ನಾನು ಹೇಳಬೇಕಾಗಲಿಲ್ಲ. ತಳಿಯನ್ನು ಬೆರಸದೆ ಕಾಪಾಡುವುದು ಹೇಗೆ ಎಂಬ ಪ್ರಶ್ನೆ ಬಂದರೆ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಹೆಸರು ಹೇಳಬಹುದು. ರಾಮಗಿರಿಯಿಂದ ಬೀರೂರು ಕಡೆಯ ರೈಲು ಹತ್ತಿದರೆ ಅಜ್ಜಂಪುರ ದೂರವಲ್ಲ.

ಒಂದು ಎಚ್ಚರಿಕೆ. ಹಸುವಿನ ಉದಾಹರಣೆಯಿಂದ ಮನುಷ್ಯರಿಗೆ ಹಾರುವ ಕೆಲಸವನ್ನು ಶಿಕ್ಷಕರು ಬಾಯಿಬಿಟ್ಟು ಮಾಡಬಾರದು. ‘ಹಾಗೆಯೇ ನಮ್ಮಲ್ಲೂ ಕೆಲವರ ಅಪ್ಪಂದಿರು…’ ಎಂದು ಶುರುಮಾಡಿದರೆ ಹಿಂದಿನ ಬೆಂಚಿನಲ್ಲಿ ನಗು, ಮುಂದಿನ ಬೆಂಚಿನಲ್ಲಿ ಯಾರೋ ಒಬ್ಬರ ತಲೆ ಕೆಳಗೆ. ಬೇಕಾದ ಮಗು ತಾನೇ ಹೋಲಿಸಿಕೊಳ್ಳುತ್ತದೆ, ಮೌನವಾಗಿ.

ಮೆಕ್ಕೆಜೋಳವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಗಿಡದ ತುದಿಯಲ್ಲಿ ಗಂಡು ಹೂಗೊಂಚಲು, ಕಂಕುಳಲ್ಲಿ ತೆನೆ. ತೆನೆಯ ತುದಿಯಲ್ಲಿ ಜೋತುಬೀಳುವ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಗಾಳಿಯಲ್ಲಿ ಬಂದ ಪರಾಗ ಯಾವ ಎಳೆಯ ಮೇಲೆ ಬೀಳುತ್ತದೋ ಆ ಕಾಳಿಗೆ ಅದೇ ತಂದೆ. ಬಿಳಿ ಕಾಳಿನ ತಳಿಯ ಪಕ್ಕದಲ್ಲಿ ಹಳದಿ ತಳಿ ಇದ್ದರೆ ಒಂದೇ ತೆನೆಯಲ್ಲಿ ಬಿಳಿ, ಹಳದಿ ಕಾಳುಗಳು ಬರುತ್ತವೆ. ಬೀಜೋತ್ಪಾದನೆಯ ಹೊಲದಲ್ಲಿ ಕೆಲಸ ಮಾಡಿದ ಮನೆಯ ಮಕ್ಕಳಿಗೆ ಗಂಡು ಸಾಲು, ಹೆಣ್ಣು ಸಾಲು ಗೊತ್ತು. ಅವರನ್ನೇ ಬೋರ್ಡಿನ ಹತ್ತಿರ ಕರೆದು ಹೇಳಿಸಿ.

ಮಕ್ಕಳು ಕೇಳುವ ಪ್ರಶ್ನೆಗಳು

‘ಮೇಡಂ, ಅಪ್ಪ ಕುಡೀತಿದ್ರೆ ಮಗನೂ ಕುಡೀತಾನಾ?’

ಈ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ, ಅನುವಂಶೀಯತೆಯ ಪಾಠದಲ್ಲಿ ಮಾತ್ರ ಬಂದೇ ಬರುತ್ತದೆ. ಕೇಳುವ ಹುಡುಗ ಗೆಳೆಯನ ಬಗ್ಗೆ ಕೇಳುವಂತೆ ಕೇಳುತ್ತಾನೆ. ದೊಡ್ಡವರು ಅವನಿಗೆ ಆಗಲೇ ಉತ್ತರ ಕೊಟ್ಟಿರುತ್ತಾರೆ. ಬೈಯುವಾಗ ‘ಎಲ್ಲಿ ಹೋಗುತ್ತೆ, ಅಪ್ಪನ ಬುದ್ಧಿ’ ಎನ್ನುವುದು ಮನೆಯಲ್ಲೂ ಇದೆ, ಸ್ಟಾಫ್ ರೂಮಿನಲ್ಲೂ ಇದೆ. ನೂಲಿನಂತೆ ಸೀರೆ ಎಂಬ ಗಾದೆ ತಾಯಿ ಮಗಳಿಗಷ್ಟೇ ನಿಲ್ಲುವುದಿಲ್ಲ. ಎಂದೋ ಬಿಟ್ಟುಹೋದ ಮನುಷ್ಯನ ತಪ್ಪು ಅವನ ಮುಖವನ್ನೇ ಸರಿಯಾಗಿ ನೆನಪಿಲ್ಲದ ಮಗುವಿನ ಹಣೆಗೆ ಅಂಟುತ್ತದೆ.

‘ಹಾಗೇನಿಲ್ಲ, ಕೂತ್ಕೋ’ ಎಂದರೆ ಸಾಲದು, ಅದು ಪೂರ್ತಿ ನಿಜವೂ ಅಲ್ಲ. ಮದ್ಯವ್ಯಸನದ ಬಗ್ಗೆ ಅವಳಿಗಳ ಅಧ್ಯಯನಗಳು ನಡೆದಿವೆ. ಒಂದು ಸಮುದಾಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸರಿಸುಮಾರು ಅರ್ಧ ಭಾಗ ವಂಶವಾಹಿಗಳ ವ್ಯತ್ಯಾಸಕ್ಕೆ ಸೇರುತ್ತದೆ ಎಂದು ಅವು ಹೇಳುತ್ತವೆ. ಇದು ಗುಂಪಿನ ಲೆಕ್ಕ. ಒಬ್ಬ ಹುಡುಗ ಅರ್ಧ ಕುಡುಕನಾಗಿ ಹುಟ್ಟುತ್ತಾನೆ ಎಂದಲ್ಲ. ಕುಡಿತಕ್ಕೆಂದೇ ಒಂದು ವಂಶವಾಹಿ ಇಲ್ಲ. ಅನೇಕ ವಂಶವಾಹಿಗಳು ಸ್ವಲ್ಪಸ್ವಲ್ಪ ಪ್ರಭಾವ ಬೀರುತ್ತವೆ. ಅವುಗಳಲ್ಲಿ ಕೆಲವು ದೇಹ ಮದ್ಯವನ್ನು ಹೇಗೆ ಕರಗಿಸುತ್ತದೆ ಎಂಬುದಕ್ಕೆ ಸಂಬಂಧಿಸಿದವು. ಅಪ್ಪನ 46ರಲ್ಲಿ 23 ಮಾತ್ರ ಮಗನಿಗೆ ಬರುತ್ತವೆ. ಯಾವ 23 ಎಂಬುದು ಹುಣಸೆ ಬೀಜದ ಆಟ. ನಾನು ಹುಡುಗನಿಗೆ ಹೇಳಿದ್ದು ಇಷ್ಟು: ‘ಅಂಥ ಮನೆಯವರಿಗೆ ಅಪಾಯ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ಅದಕ್ಕೆ ಶುರುಮಾಡದೆ ಇರೋದರಲ್ಲಿ ಅವರಿಗೆ ಲಾಭವೂ ಹೆಚ್ಚು. ಶುರುನೇ ಮಾಡದೋನು ಯಾವ ವಂಶವಾಹಿ ಇದ್ರೂ ಕುಡುಕ ಆಗಲ್ಲ.’ ಹುಡುಗ ಬರೆದುಕೊಳ್ಳಲಿಲ್ಲ. ಕೇಳಿಸಿಕೊಂಡ.

ಎರಡನೆಯದು ಲಿಂಗ ನಿರ್ಧಾರದ ಭಾಗದಲ್ಲಿ ಬರುವುದು. ಹೆಣ್ಣೇ ಹುಟ್ಟಿದವೆಂದು ಹೆಂಡತಿ ಮಕ್ಕಳನ್ನು ತವರಿಗೆ ಕಳಿಸಿ ಸುಮ್ಮನಾದ ಗಂಡಸರ ಕಥೆ ಎಲ್ಲ ಊರಲ್ಲೂ ಒಂದಾದರೂ ಇದೆ. ತಾಯಿಯ ಅಂಡಾಣುವಿನಲ್ಲಿ ಎಕ್ಸ್ ಮಾತ್ರ, ತಂದೆಯ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ ಎಂದು ಬೋರ್ಡಿನ ಮೇಲೆ ಬರೆದಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಒಂದು ಬಗೆಯ ನಿಶ್ಶಬ್ದ ಬರುತ್ತದೆ. ಇಲ್ಲಿ ನಾವು ಉತ್ಸಾಹದಲ್ಲಿ ‘ಆದ್ದರಿಂದ ನಿರ್ಧರಿಸುವವನು ತಂದೆ’ ಎನ್ನುತ್ತೇವೆ. ನನಗೆ ಆ ವಾಕ್ಯ ಸರಿಯೆನಿಸುವುದಿಲ್ಲ. ಯಾವ ವೀರ್ಯಾಣು ತಲುಪುತ್ತದೆ ಎಂಬುದು ಯಾರ ಇಚ್ಛೆಯೂ ಅಲ್ಲ. ತಾಯಿಯ ಮೇಲಿದ್ದ ಆರೋಪವನ್ನು ತಂದೆಯ ಮೇಲೆ ಹೊರಿಸಿದರೆ, ಹೆಣ್ಣು ಹುಟ್ಟುವುದು ಆರೋಪವೇ ಎಂಬ ಮಾತು ಹಾಗೇ ಉಳಿಯುತ್ತದೆ.

‘ಪ್ರಾಣಿಗಳಲ್ಲಿ ಅಪ್ಪ ಮಕ್ಕಳನ್ನ ನೋಡ್ಕೊಳುತ್ತಾ?’ ಎಂಬುದು ಹಗುರವಾದ ಪ್ರಶ್ನೆ, ಸಂತೋಷದಿಂದ ಉತ್ತರಿಸಬಹುದು. ಸಸ್ತನಿಗಳಲ್ಲಿ ಕಡಿಮೆ, ಹಕ್ಕಿಗಳಲ್ಲಿ ಹೆಚ್ಚು. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಉತ್ತರ ಕನ್ನಡದ ಕತ್ತಲೆಕಾನಿನ ಹೊಳೆಗಳ ಒಂದು ಕಪ್ಪೆಯನ್ನು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ ‘ಕುಂಬಾರ’ ಎಂದೇ ಹೆಸರಿಟ್ಟರು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಕಪ್ಪೆ ಮುಂಗಾಲಿನಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಈ ಕಪ್ಪೆಯ ಚಿತ್ರ ತೋರಿಸಿದ ದಿನ ತರಗತಿ ಬಿಡುವ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

‘ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತಲ್ವಾ?’ ಗೊತ್ತಾಗುತ್ತದೆ. ಎನ್. ಡಿ. ತಿವಾರಿ ಎರಡು ರಾಜ್ಯಗಳ ಮುಖ್ಯಮಂತ್ರಿಯಾಗಿದ್ದವರು. ಅವರೇ ತನ್ನ ತಂದೆ ಎಂದು ರೋಹಿತ್ ಶೇಖರ್ ಎಂಬ ಯುವಕ ದೆಹಲಿ ಹೈಕೋರ್ಟಿಗೆ ಹೋಗಿದ್ದರು, 2012ರಲ್ಲಿ ಪರೀಕ್ಷೆ ಅದನ್ನು ದೃಢಪಡಿಸಿತು. ಅಲ್ಲಿ ಕೇಳಿದ್ದು ಮಗ, ತನಗಾಗಿ. ದೊಡ್ಡವರ ಜಗಳದಲ್ಲಿ ಮಗುವಿನ ರಕ್ತವನ್ನು ಸಾಕ್ಷಿಯಾಗಿಸುವುದು ಬೇರೆ ಮಾತು. 2023ರ ಫೆಬ್ರವರಿಯಲ್ಲಿ ವಿಚ್ಛೇದನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಡಿಎನ್‌ಎ ಪರೀಕ್ಷೆಗೆ ಸಲೀಸಾಗಿ ಆದೇಶಿಸಬಾರದು ಎಂದಿತು.

ಹೆಸರಿನ ಕಾಲಂ

ಕಾನೂನು ನಮ್ಮ ಬೋಧನಾ ವಿಷಯವಲ್ಲ. ಆದರೂ ಅರ್ಜಿ ತುಂಬುವ ಕೆಲಸ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಗಳ ಪಾಲಿಗೆ ಬರುತ್ತದೆ. ಹೊಸ ಅಕ್ಷರದವರು, ಕೈಬರಹ ಚೆನ್ನಾಗಿದೆ ಎಂದು ಕೊಡುತ್ತಾರೆ. ಆದ್ದರಿಂದ ಕೆಲವು ಸಂಗತಿ ತಿಳಿದಿರಲಿ.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಮಗುವಿನ ಸಹಜ ಪಾಲಕ ತಂದೆ, ಅವನ ‘ನಂತರ’ ತಾಯಿ ಎನ್ನುತ್ತದೆ. 1999ರಲ್ಲಿ ಲೇಖಕಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ‘ನಂತರ’ ಎಂದರೆ ತಂದೆ ಸತ್ತ ನಂತರ ಎಂದಷ್ಟೇ ಅಲ್ಲ, ತಂದೆಯ ‘ಗೈರುಹಾಜರಿಯಲ್ಲಿ’ ಎಂದು ಅರ್ಥೈಸಿತು. ಮಗುವಿನ ವಿಷಯದಲ್ಲಿ ತಂದೆ ಪೂರ್ತಿ ಉದಾಸೀನನಾಗಿದ್ದರೆ ಅದೂ ಗೈರುಹಾಜರಿಯೇ. ಬದುಕಿದ್ದೂ ಇಲ್ಲದ ಅಪ್ಪನನ್ನು ಕಾನೂನು ಗುರುತಿಸಿದ್ದು ಹೀಗೆ. 2015ರಲ್ಲಿ ಅದೇ ನ್ಯಾಯಾಲಯ ಅವಿವಾಹಿತ ತಾಯಿ ಮಗುವಿನ ತಂದೆಯ ಹೆಸರು ಹೇಳದೆಯೂ ಪಾಲಕಳಾಗಬಹುದು ಎಂದಿತು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿಗೆ ತಂದೆ, ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಹೆಸರು ಸಾಕು. 2018ರ ಡಿಸೆಂಬರಿನಿಂದ, ತಾಯಿಯೊಬ್ಬಳೇ ಸಾಕುತ್ತಿದ್ದರೆ ಪಾನ್ ಕಾರ್ಡಿಗೂ ತಂದೆಯ ಹೆಸರು ಕಡ್ಡಾಯವಲ್ಲ.

ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳಿಗೆ ಈ ಕಾಲಂ ಎಷ್ಟು ಕಾಡಿದೆ ಎಂಬುದನ್ನು ನಮ್ಮ ಜಿಲ್ಲೆಯವರು ಬಲ್ಲರು. 1982ರಲ್ಲೇ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ತಂದಿತು. ಆದರೂ 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಒಟ್ಟು 46,660 ಮಹಿಳೆಯರು ಗುರುತಾದರು. ಹಳೆಯ ಕಾಯ್ದೆಯಲ್ಲಿ ಮಕ್ಕಳ ಮಾತು ಇರಲಿಲ್ಲವೆಂದೇ ಹೇಳಬೇಕು. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ ಎರಡು ದಾರಿ ಇಟ್ಟಿದೆ. ಮಗು ಬಯಸಿದರೆ ಜೈವಿಕ ತಂದೆ ಯಾರೆಂದು ಗುರುತಿಸುವಂತೆ ಕೇಳಬಹುದು, ಬಯಸದಿದ್ದರೆ ತಂದೆಯ ಹೆಸರು ಹೇಳುವಂತೆ ಯಾರೂ ಒತ್ತಾಯಿಸುವಂತಿಲ್ಲ. ಕೇಳುವ ಹಕ್ಕು, ಹೇಳದಿರುವ ಹಕ್ಕು ಎರಡೂ ಮಗುವಿನ ಕಡೆಗಿರುವುದು ಇದರ ಮುಖ್ಯ ಅಂಶವೆಂದು ನನಗೆ ತೋರುತ್ತದೆ.

ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನ ಕಥೆಯನ್ನು ಶಿಕ್ಷಣದ ತಾತ್ವಿಕ ತಳಹದಿ ಪಾಠದಲ್ಲಿ ನಾವೆಲ್ಲ ಕೇಳಿದ್ದೇವೆ. ಗೋತ್ರ ಯಾವುದೆಂದು ಗೌತಮರು ಕೇಳಿದರು. ಗೊತ್ತಿಲ್ಲ, ತಾಯಿ ಜಬಾಲೆ, ಹಾಗಾಗಿ ನಾನು ಸತ್ಯಕಾಮ ಜಾಬಾಲ ಎಂದು ಹುಡುಗ ಹೇಳಿದ. ಗುರು ಸೇರಿಸಿಕೊಂಡರು. ಗುರುವಿನ ದೊಡ್ಡತನಕ್ಕೆ ಇದನ್ನು ಉದಾಹರಿಸುತ್ತಾರೆ. ನನಗೆ ಓದಿದಾಗಲೆಲ್ಲ ಅನಿಸುವುದು, ಗುರುವಿನ ಬಳಿಗೆ ಹೋಗುವ ಮೊದಲೇ ಹುಡುಗ ತಾಯಿಯನ್ನು ಆ ಪ್ರಶ್ನೆ ಕೇಳಬೇಕಾಗಿತ್ತಲ್ಲ ಎಂದು.

ಹಣದ ಸಹಾಯದ ಒಂದು ಮಾತು. ವಿವಾಹದ ಒಳಗೆ ಹುಟ್ಟಿರಲಿ, ಹೊರಗೆ ಹುಟ್ಟಿರಲಿ, ಮಗುವಿನ ಜೀವನಾಂಶ ತಂದೆಯ ಹೊಣೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಕೋರ್ಟಿಗೆ ಅಲೆಯಲಾಗದ ತಾಯಂದಿರೇ ಹೆಚ್ಚು. ಅಂಥವರಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆ ಇದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬ ಕೈಬಿಟ್ಟವಳಾಗಿದ್ದು, ಹಳ್ಳಿಯಲ್ಲಿ ವಾರ್ಷಿಕ ಆದಾಯ 72,000 ರೂಪಾಯಿ ಒಳಗಿದ್ದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅರ್ಜಿ ಹೋಗಬೇಕಾದದ್ದು ಚಿತ್ರದುರ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಇದನ್ನು ತರಗತಿಯಲ್ಲಿ ಘೋಷಿಸಿ ‘ಯಾರಿಗೆ ಬೇಕೋ ಕೈ ಎತ್ತಿ’ ಎನ್ನಬೇಡಿ. ಪೋಷಕರ ಸಭೆ ಮುಗಿದ ಮೇಲೆ ಅಜ್ಜಿಯೋ ಮಾವನೋ ಚಪ್ಪಲಿ ಹಾಕಿಕೊಳ್ಳುವಾಗ ಪಕ್ಕಕ್ಕೆ ಕರೆದು ಹೇಳಿ.

ಮುಂದಿನ ತಂಡದವರಲ್ಲಿ ಯಾರಿಗಾದರೂ ಈ ಅಧ್ಯಾಯ ಹಂಚಿಕೆಯಾದರೆ, ಹುಣಸೆ ಬೀಜದ ಆಟದ ಎಣಿಕೆ ಪಟ್ಟಿಯ ನಮೂನೆಯನ್ನು ನಮ್ಮ ವಿಜ್ಞಾನ ಪ್ರಯೋಗಾಲಯದ ಕಪಾಟಿನಲ್ಲಿ ಪಾಠ ಯೋಜನೆಯ ಜೊತೆ ಇಟ್ಟಿದ್ದೇನೆ. ಬೀಜಗಳು ಡಬ್ಬಿಯಲ್ಲಿವೆ. ಹದಿನಾಲ್ಕು ಕಳೆದಿವೆ, ಮಕ್ಕಳು ಚೌಕಾಬಾರಕ್ಕೆ ಒಯ್ದಿರಬೇಕು. ಹೊಸದಾಗಿ ಉಜ್ಜಿಕೊಳ್ಳಿ.